ಭಾವನೆ ಮೇಡಂ ಬರೆದ ವರದಿ

ನನ್ನದು ಶಿಕ್ಷಣ ಇಲಾಖೆಯ ಕಚೇರಿಗೆ ಎದುರಾಗಿರುವ ಜೆರಾಕ್ಸ್ ಅಂಗಡಿ. ಇಲಾಖೆಯಲ್ಲಿ ಯಾವ ಹೊಸ ಗಾಳಿ ಬೀಸಿದರೂ ಮೊದಲು ಬಂದು ಬಡಿಯುವುದು ನನ್ನ ಯಂತ್ರದ ಗಾಜಿಗೆ. ಓದಿಸುವ ಅಭಿಯಾನ, ಕೈ ತೊಳೆಸುವ ಅಭಿಯಾನ, ಗಿಡ ನೆಡಿಸುವ ಅಭಿಯಾನ, ಎಲ್ಲದರ ನಮೂನೆಗಳನ್ನೂ ಸಾವಿರಗಟ್ಟಲೆ ತೆಗೆದುಕೊಟ್ಟಿದ್ದೇನೆ. ಗಿಡಗಳು ಎಷ್ಟು ಉಳಿದವೋ ಗೊತ್ತಿಲ್ಲ, ನಮೂನೆಗಳು ಮಾತ್ರ ಇವತ್ತಿಗೂ ಕಪಾಟುಗಳಲ್ಲಿ ಭದ್ರವಾಗಿವೆ. ಅದರಿಂದಲೇ ನನ್ನ ಹೊಟ್ಟೆ ತುಂಬುತ್ತದೆ, ನಿಜ. ಹಾಗೆಂದು ಬೈಯುವ ಹಕ್ಕನ್ನು ನಾನು ಬಿಟ್ಟುಕೊಟ್ಟಿಲ್ಲ.

ಈಗ ಹೇಳಹೊರಟಿರುವುದು ನನ್ನ ಹೆಂಡತಿಯ ಸಂಗತಿ. ಇಪ್ಪತ್ತನಾಲ್ಕು ವರ್ಷ ವಿಜ್ಞಾನ ಪಾಠ ಮಾಡಿದವಳು. ಮಂಡಿ ನೋವಿನವಳು. ಸೀಮೆಸುಣ್ಣದ ಪುಡಿ ಅವಳ ಬಳೆಗಳ ಸಂದಿಯಲ್ಲಿ ಭಾನುವಾರವೂ ಇರುತ್ತಿತ್ತು. ಎರಡು ವರ್ಷದ ಹಿಂದೆ ಅವಳನ್ನು ಪಾಠದಿಂದ ಬಿಡಿಸಿ ಹನ್ನೊಂದು ಶಾಲೆಗಳಿಗೆ 'ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕಾ ಸಂಯೋಜಕಿ' ಎಂದು ನೇಮಿಸಿದರು. ಆ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ಇಲಾಖೆಯ ಅಧಿಕಾರಿಗೂ ಆಗುತ್ತಿರಲಿಲ್ಲ. ಶಿಕ್ಷಕರು ಅದನ್ನು ಚಿಕ್ಕದು ಮಾಡಿ 'ಭಾವನೆ ಮೇಡಂ' ಎಂದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದೆದುರಿಗೇ. "ಮೇಡಂ, ಇವತ್ತು ನನ್ನ ಭಾವನೆ ಏನು ಗೊತ್ತಾ, ಮೂರು ಗಂಟೆಗೇ ಮನೆಗೆ ಹೋಗ್ಬೇಕು ಅನ್ನೋದು" ಎಂದು ಒಬ್ಬ ಡ್ರಿಲ್ ಮಾಸ್ತರರು ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದರಂತೆ. ಅವಳು ಪ್ರತಿ ಸಲವೂ ನಗುತ್ತಿದ್ದಳಂತೆ. ಎಂಟನೇ ಸಲವೂ ನಗುವುದಕ್ಕೆ ಎಂಥ ತಾಳ್ಮೆ ಬೇಕು ಎಂದು ಮದುವೆಯಾದವರಿಗೆ ಹೇಳಬೇಕಾಗಿಲ್ಲ.

ಈ ಕೆಲಸವನ್ನು ಅವಳು ಯಾಕೆ ಒಪ್ಪಿಕೊಂಡಳು ಎಂದರೆ ಅದಕ್ಕೊಂದು ಹಳೆಯ ಕಾರಣವಿದೆ. ಒಂಬತ್ತನೇ ವಯಸ್ಸಿನಲ್ಲಿ ಅವಳು ಅರ್ಧ ವರ್ಷ ಶಾಲೆಯಲ್ಲಿ ಮಾತಾಡಿರಲಿಲ್ಲ. ಅಪ್ಪ ಮನೆ ಬಿಟ್ಟು ಹೋಗಿದ್ದ ವರ್ಷ ಅದು. ಹಾಜರಿ ಕೂಗಿದಾಗ ಕೈ ಎತ್ತುತ್ತಿದ್ದಳು, ಲೆಕ್ಕ ಸರಿಯಾಗಿ ಮಾಡುತ್ತಿದ್ದಳು, ಅಕ್ಷರ ಮುದ್ದಾಗಿತ್ತು. ಹಾಗಾಗಿ ಒಬ್ಬ ಟೀಚರೂ ಏನೆಂದು ಕೇಳಲಿಲ್ಲ. ವರ್ಷದ ಕೊನೆಗೆ ಅವಳ ಅಂಕಪಟ್ಟಿಯಲ್ಲಿ 'ಶಾಂತ ಸ್ವಭಾವ, ಉತ್ತಮ ನಡತೆ' ಎಂದು ಬರೆದಿದ್ದರು. ಇದನ್ನು ಅವಳು ನನಗೆ ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದಳು, ಆಮೇಲೆ ಮತ್ತೆಂದೂ ಎತ್ತಲಿಲ್ಲ. ಆದರೆ ನೇಮಕದ ಪತ್ರ ಬಂದ ದಿನ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ನಮ್ಮ ಕಾಲದಲ್ಲಿ ಇದು ಇದ್ದಿದ್ರೆ" ಎಂದಳು. ಮುಂದಿನ ಮಾತನ್ನು ನಾನು ಕೇಳಲಿಲ್ಲ.

ಯೋಜನೆಯ ಮುಖ್ಯ ಸಾಧನ ಒಂದು ಬಟ್ಟೆಯ ಪಟ. ಅದಕ್ಕೆ ನಾಲ್ಕು ಜೇಬು. ನೆಮ್ಮದಿಯಾಗಿದ್ದರೆ ಹಸಿರು, ಬೇಸರವಾಗಿದ್ದರೆ ನೀಲಿ, ಗಾಬರಿಯಾಗಿದ್ದರೆ ಹಳದಿ, ಸಿಟ್ಟು ಅಥವಾ ಹೇಳಲಾಗದ ನೋವಿದ್ದರೆ ಕೆಂಪು. ಬೆಳಿಗ್ಗೆ ತರಗತಿಗೆ ಬಂದ ಪ್ರತಿ ಮಗುವೂ ತನ್ನ ಹೆಸರಿನ ಚೀಟಿಯನ್ನು ಒಂದು ಜೇಬಿಗೆ ಹಾಕಿ ಕೂರಬೇಕು. ಒಂಬತ್ತೂವರೆಯೊಳಗೆ ಟೀಚರು ಹೆಸರಿನ ಮುಂದೆ ಬಣ್ಣ ಬರೆದು, ಎಣಿಸಿ ಶಾಲೆಯ ಕಚೇರಿಗೆ ಕಳಿಸಬೇಕು. ಹಸಿರಲ್ಲದ ಪ್ರತಿ ಚೀಟಿಗೂ ಒಂದು ಅನುಸರಣಾ ನಮೂನೆಯನ್ನು ಅದೇ ದಿನ ತುಂಬಬೇಕು. ಮಗು ಹೇಳಿದ್ದೇನು, ಕಾರಣವೇನು, ಟೀಚರು ಮಾಡಿದ್ದೇನು, ಮನೆಯವರಿಗೆ ತಿಳಿಸಿದಿರಾ, ಫಲಿತಾಂಶವೇನು. ಎರಡೂ ಮಗ್ಗುಲು.

ಆ ನಮೂನೆಯನ್ನು ಬರೆದವಳು ನನ್ನ ಹೆಂಡತಿಯೇ. ನನ್ನ ಅಂಗಡಿಯ ಕಂಪ್ಯೂಟರಿನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು ಹೇಳಿದಳು, ನಾನು ಟೈಪು ಮಾಡಿದೆ. "ಒಂದು ಮಗ್ಗುಲು ಸಾಕಲ್ವೇನೇ" ಎಂದು ನಾನು ಗೊಣಗಿದ್ದಕ್ಕೆ, "ಒಂದು ಮಗೂನೂ ಕೈತಪ್ಪಿ ಹೋಗಬಾರದು ರೀ" ಎಂದಳು. ಎಷ್ಟು ಕಕ್ಕುಲಾತಿಯಿಂದ ಹೇಳಿದಳೆಂದರೆ ನಾನು ಇನ್ನೆರಡು ಪ್ರಶ್ನೆಗಳನ್ನೂ ಸೇರಿಸಿ ಟೈಪು ಮಾಡಿಬಿಟ್ಟೆ.

ಮೊದಲ ತಿಂಗಳು ಹನ್ನೊಂದೂ ಶಾಲೆಗಳಿಂದ ನಮೂನೆಗೆ ಜನ ಬಂದರು. ನನ್ನ ಯಂತ್ರ ಬಿಸಿಯಾಗಿ ನಿಂತುಹೋಗುತ್ತಿತ್ತು. ಮೂರನೇ ತಿಂಗಳಿಗೆ ಅರ್ಧವಾಯಿತು. ಐದನೇ ತಿಂಗಳಿಗೆ ಕೇಳುವವರೇ ಇಲ್ಲ. "ನಿನ್ನ ಮಕ್ಕಳೆಲ್ಲ ಸುಖವಾಗಿದ್ದಾರೆ ಅಂತ ಕಾಣುತ್ತೆ, ನನ್ನ ವ್ಯಾಪಾರ ಬಿದ್ದುಹೋಯ್ತು" ಎಂದು ಊಟಕ್ಕೆ ಕೂತಾಗ ಚುಡಾಯಿಸಿದೆ. ಅವಳ ಮುಖ ಅರಳಿತು. ಆ ಅರಳಿದ ಮುಖವನ್ನು ನೆನೆಸಿಕೊಂಡರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ, ಯಾಕೆಂದರೆ ಇಬ್ಬರಲ್ಲಿ ಒಬ್ಬರಾದರೂ ಯೋಚಿಸಬಹುದಿತ್ತು.

ಯೋಚಿಸಲು ಅವಳಿಗೆ ಹೊತ್ತೆಲ್ಲಿತ್ತು. ದಿನಕ್ಕೆ ಮೂರು ಶಾಲೆ, ನಡುವೆ ಬಸ್ಸು. ಒಂದೊಂದು ಶಾಲೆಗೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ನಾಲ್ಕೈದು ತರಗತಿ ನೋಡಬೇಕು, ಪಟ ಸರಿಯಾಗಿ ತೂಗುಹಾಕಿದ್ದಾರೆಯೇ ನೋಡಬೇಕು, ತನ್ನ ಭೇಟಿ ಪುಸ್ತಕದಲ್ಲಿ ಬರೆಯಬೇಕು, ಮುಖ್ಯೋಪಾಧ್ಯಾಯರ ಮುದ್ರೆ ಹಾಕಿಸಬೇಕು. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಚ್ಚಿ, ಬಾಗಿಲ ಬಳಿಯ ಕುರ್ಚಿಯಲ್ಲೇ ಕುಸಿದು, ಹತ್ತು ನಿಮಿಷ ಗೋಡೆ ನೋಡುತ್ತಿದ್ದಳು. ನಾನು ಕಾಫಿ ತಂದುಕೊಟ್ಟು ಸುಮ್ಮನಿರುತ್ತಿದ್ದೆ. ಬೇರೆಯವರ ಮಕ್ಕಳ ಮನಸ್ಸನ್ನು ಇಡೀ ದಿನ ವಿಚಾರಿಸಿಕೊಂಡು ಬಂದವಳಿಗೆ ನನ್ನ ಟೋನರ್ ಮುಗಿದ ಕಥೆ ಬೇಕಿರಲಿಲ್ಲ.

ಎಂಟನೇ ತಿಂಗಳಲ್ಲಿ ಆದ ಘಟನೆ ಇದು. ಬಸ್ಸಿನ ಕೊನೆಯ ನಿಲ್ದಾಣದ ಬಳಿ ಇರುವ ಶಾಲೆ. ಅಲ್ಲಿನ ಐದನೇ ತರಗತಿಯಲ್ಲಿ ಐವತ್ತೆಂಟು ಮಕ್ಕಳು, ಒಬ್ಬಳೇ ಟೀಚರು. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ವರ್ಷ ವರ್ಷಕ್ಕೆ ನವೀಕರಿಸುವ ಕೆಲಸ. ಒಂದು ದಿನ ಶಾಲೆ ಬಿಟ್ಟ ಮೇಲೆ ಆ ತರಗತಿಯ ಒಬ್ಬ ಹುಡುಗಿ ಮನೆಗೆ ಹೋಗಲಿಲ್ಲ. ಎರಡು ಗಂಟೆ ಹುಡುಕಾಡಿದ ಮೇಲೆ ಕಾವಲುಗಾರ ಆಟದ ಸಾಮಾನಿನ ಕೋಣೆಯಲ್ಲಿ, ಮಡಚಿಟ್ಟ ಚಾಪೆಗಳ ಹಿಂದೆ ಅವಳನ್ನು ಕಂಡ. ಮಗುವಿಗೆ ಏನೂ ಆಗಿರಲಿಲ್ಲ. ಹಿಂದಿನ ಎರಡು ತಿಂಗಳಿಂದ ಅವಳ ಅಮ್ಮ ಆಸ್ಪತ್ರೆಯಲ್ಲಿದ್ದಳು. ಮನೆಯಲ್ಲಿ ಯಾರೂ ಮಗುವಿಗೆ ಸರಿಯಾಗಿ ಏನನ್ನೂ ಹೇಳುತ್ತಿರಲಿಲ್ಲ, ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಆ ಮನೆಗೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ, ಅಷ್ಟೇ.

ಮಗುವಿನ ಸೋದರಮಾವ ಮರುದಿನ ಇಲಾಖೆಗೆ ಬಂದು ಕೂಗಾಡಿದ. ಎರಡು ತಿಂಗಳು ಮಗು ಒಳಗೊಳಗೇ ಕೊರಗಿದೆ, ನಿಮ್ಮ ಟೀಚರಿಗೆ ಕಣ್ಣಿರಲಿಲ್ಲವೇ ಎಂದ. ಕಚೇರಿಯವರು ದಾಖಲೆ ತೆಗೆಸಿದರು. ಆ ಎರಡು ತಿಂಗಳು ಒಂದು ದಿನವೂ ತಪ್ಪದೆ ಆ ಮಗುವಿನ ಹೆಸರ ಮುಂದೆ ಹಸಿರು. ಅವಳದೊಂದೇ ಅಲ್ಲ, ಇಡೀ ತರಗತಿಯೇ ಹಸಿರು. ದಾಖಲೆ ಸುಳ್ಳು ಎಂದು ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಹೊಳೆಯಿತು, ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಟೀಚರನ್ನು ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಲು ಹೇಳಿದರು. ವಾರದೊಳಗೆ ವರದಿ ಕೊಡಿ ಎಂದು ನನ್ನ ಹೆಂಡತಿಗೆ ಬರೆದರು. ವರದಿಯಲ್ಲಿ 'ಟೀಚರಿನ ನಿರ್ಲಕ್ಷ್ಯ' ಎಂದು ಬಂದರೆ ಆ ಹುಡುಗಿಯ ಕೆಲಸ ಹೋಗುತ್ತದೆ, ಮುಂದೆ ಯಾವ ಶಾಲೆಯೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು.

ನನ್ನ ಹೆಂಡತಿಗೆ ಆ ದಿನ ಬಂದ ಸಿಟ್ಟನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ. ಅಂಗಡಿಗೇ ನೇರವಾಗಿ ಬಂದಳು. ಸ್ಟೂಲಿನ ಮೇಲೆ ಕೂತವಳೇ, "ಟೈಪು ಮಾಡಿ" ಎಂದಳು. ಸದರಿ ಶಿಕ್ಷಕಿಯು ಮಕ್ಕಳ ಭಾವನೆಗಳನ್ನು ಉದ್ದೇಶಪೂರ್ವಕವಾಗಿ ತಪ್ಪಾಗಿ ದಾಖಲಿಸಿ, ಕರ್ತವ್ಯದಲ್ಲಿ ಗಂಭೀರ ನಿರ್ಲಕ್ಷ್ಯ ತೋರಿರುತ್ತಾರೆ. ಒಂದೂವರೆ ಪುಟವಾಯಿತು. "ಕೂಸಿನ ಮುಖ ನೋಡಿದ್ರೆ ಸಾಕಿತ್ತು ರೀ. ಮುಖ ನೋಡೋಕೆ ಏನು ತರಬೇತಿ ಬೇಕಾ" ಎಂದಳು. ಆ ವರದಿಯನ್ನು ಕಂಪ್ಯೂಟರಿನಲ್ಲಿ ಉಳಿಸಿಟ್ಟೆ. ಸಹಿ ಸೋಮವಾರ ಹಾಕುತ್ತೇನೆ, ಇನ್ನೊಮ್ಮೆ ಓದಬೇಕು ಎಂದಳು.

ಶನಿವಾರ ಮಧ್ಯಾಹ್ನ ಆ ಟೀಚರೇ ನನ್ನ ಅಂಗಡಿಗೆ ಬಂದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಕಂಕುಳಲ್ಲಿ ಒಂದು ವರ್ಷದ ಮಗು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಕಾಗದಗಳು. "ಅಣ್ಣಾ, ಎಲ್ಲಾದಕ್ಕೂ ಎರಡೆರಡು ಕಾಪಿ" ಎಂದಳು. ಪದವಿಯ ಪ್ರಮಾಣಪತ್ರ, ನೇಮಕದ ಪತ್ರ, ಕೈಬರಹದ ಒಂದು ಹೇಳಿಕೆ. ಗಾಜಿನ ಮೇಲೆ ಕಾಗದ ಇಡುವವನಿಗೆ ಓದಬಾರದು ಎಂಬ ನಿಯಮವಿಲ್ಲ. ಹೇಳಿಕೆಯಲ್ಲಿ ಅವಳು ತನ್ನ ತಪ್ಪನ್ನು ಒಪ್ಪಿಕೊಂಡಿದ್ದಳು, ಕಾರಣ ಒಂದನ್ನೂ ಕೊಟ್ಟಿರಲಿಲ್ಲ. 'ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಕೆಲಸದಿಂದ ತೆಗೆಯಬಾರದಾಗಿ ವಿನಂತಿ' ಎಂದಷ್ಟೇ ಇತ್ತು. ಮಗು ನನ್ನ ಯಂತ್ರದ ಬೆಳಕು ಹೋಗಿಬರುವುದನ್ನು ನೋಡಿ ಕೈ ಚಾಚುತ್ತಿತ್ತು. ಅವಳು ಮಾತ್ರ ನಿಂತಲ್ಲೇ ತೂಕಡಿಸುತ್ತಿದ್ದಳು. ಕಾಪಿ ಕೈಗೆ ಕೊಟ್ಟಾಗ ಬೆಚ್ಚಿಬಿದ್ದು ಕಣ್ಣು ಬಿಟ್ಟಳು. ನಾನು ಇದನ್ನು ಮನೆಯಲ್ಲಿ ಹೇಳಲಿಲ್ಲ, ಹೇಳಿದರೆ ಯಾರ ಕಡೆಗೆ ಮಾತಾಡಬೇಕು ಎಂದು ನನಗೇ ತಿಳಿಯಲಿಲ್ಲ.

ಸೋಮವಾರ ಇನ್ನೊಂದು ತಾಪತ್ರಯ ಬಂತು. ಐದನೇ ತರಗತಿಗೆ ಬದಲಿ ಟೀಚರಿಲ್ಲ. ಮುಖ್ಯೋಪಾಧ್ಯಾಯರು ಕೈಚೆಲ್ಲಿ ಕೂತರು. ಹೇಗಿದ್ದರೂ ವಿಚಾರಣೆಗೆ ಶಾಲೆಗೆ ಬರುತ್ತೀರಿ, ಒಂದು ವಾರ ತರಗತಿಯನ್ನೂ ನೀವೇ ನೋಡಿಕೊಳ್ಳಿ ಎಂದರು. "ಇಪ್ಪತ್ತನಾಲ್ಕು ವರ್ಷ ಮಾಡಿದೀನಿ, ಒಂದು ವಾರ ಏನು ಮಹಾ" ಎಂದು ಇವಳು ಒಪ್ಪಿಕೊಂಡಳು. ಮಾಡಿ ತೋರಿಸುತ್ತೇನೆ ಎಂಬ ಹಟವೂ ಆ ಮಾತಿನಲ್ಲಿತ್ತು. ಪಟವನ್ನು ಹೇಗೆ ಬಳಸಬೇಕೆಂದು ತಾನೇ ತೋರಿಸಿ, ಅದನ್ನೂ ವರದಿಗೆ ಸೇರಿಸುವುದು ಅವಳ ಲೆಕ್ಕಾಚಾರ.

ಸೋಮವಾರ ಸಂಜೆ ಏಳಕ್ಕೆ ಬಂದಳು. ಹದಿನಾಲ್ಕು ಚೀಟಿ ಹಸಿರಲ್ಲದ ಜೇಬಿನಲ್ಲಿ ಬಿದ್ದಿದ್ದವಂತೆ. ಮಕ್ಕಳಿಗೆ, ನಿಜ ಏನಿದೆಯೋ ಹಾಗೇ ಹಾಕಿ ಎಂದು ಬಿಡಿಸಿ ಹೇಳಿದ್ದಳಂತೆ. ಹದಿನಾಲ್ಕು ನಮೂನೆಯನ್ನೂ ಶಾಲೆಯಲ್ಲೇ ಕೂತು ತುಂಬಿದ್ದಳು. ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು, "ಆಗುತ್ತೆ ರೀ, ಮನಸ್ಸು ಮಾಡಿದ್ರೆ ಆಗುತ್ತೆ" ಎಂದಳು. ನಾನು ಹೂಂಗುಟ್ಟಿದೆ.

ಮಂಗಳವಾರ ಹತ್ತೊಂಬತ್ತು. ಕೇಳುವವರು ಬಂದಿದ್ದಾರೆ ಎಂದು ತಿಳಿದರೆ ಮಕ್ಕಳು ಹೇಳದೆ ಬಿಡುತ್ತಾರೆಯೇ. ಒಂದು ಕಡೆ ಹಾಜರಿ, ಒಂದು ಕಡೆ ಊಟಕ್ಕೆ ಎಷ್ಟು ಜನ ಎಂಬ ಚೀಟಿ, ಇನ್ನೊಂದು ಕಡೆ ಭಿನ್ನರಾಶಿ ಪಾಠ, ನಡುವೆ ಇಬ್ಬರ ಜಗಳ, ಒಬ್ಬನ ವಾಂತಿ. ಪಾಠ ಅರ್ಧಕ್ಕೇ ನಿಂತಿತು. ಆರು ನಮೂನೆಗಳನ್ನು ಮನೆಗೆ ತಂದಳು. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಬರೆಯುತ್ತ, "ಫಲಿತಾಂಶ ಅಂತ ಯಾಕೆ ಹಾಕಿಸಿದೆ ನಾನು" ಎಂದು ತನ್ನಷ್ಟಕ್ಕೇ ಗೊಣಗಿದಳು. ಆ ಪ್ರಶ್ನೆಯನ್ನು ಟೈಪು ಮಾಡಿದವನು ನಾನು, ಹಾಗಾಗಿ ತುಂಬಿ ಮುಗಿದ ನಮೂನೆಗಳನ್ನು ಜೋಡಿಸಿಡತೊಡಗಿದೆ.

ಬುಧವಾರ ಆ ಹುಡುಗಿ, ಚಾಪೆಗಳ ಹಿಂದೆ ಸಿಕ್ಕವಳು, ಶಾಲೆಗೆ ಮರಳಿ ಬಂದಳು. ಊಟದ ಬಿಡುವಿನಲ್ಲಿ ನನ್ನ ಹೆಂಡತಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳಂತೆ. ಈ ಮಾತುಕತೆಯನ್ನು ಅವಳು ನನಗೆ ಅಕ್ಷರ ಬಿಡದೆ ಹೇಳಿದಳು.

"ದಿನಾ ಹಸಿರಿಗೇ ಯಾಕಮ್ಮಾ ಹಾಕ್ತಿದ್ದೆ? ಟೀಚರ್ ಹಾಕು ಅಂದ್ರಾ?"

"ಮೊದ್ಲು ಅಂದಿದ್ರು. ಆಮೇಲೆ ನಾನೇ ಹಾಕ್ತಿದ್ದೆ."

"ಯಾಕೆ?"

"ಕೆಂಪಿಗೆ ಹಾಕಿದ್ರೆ ಟೀಚರ್ ಸಂಜೆ ತನಕ ಕೂತು ಬರೀಬೇಕು. ಅವರ ಮನೇಲಿ ಪಾಪು ಇದೆ. ಅದು ಅಳ್ತಿರುತ್ತೆ."

ಹನ್ನೊಂದು ಶಾಲೆಗಳಲ್ಲಿ ಒಬ್ಬರ ಕಷ್ಟವನ್ನು ಇನ್ನೊಬ್ಬರು ಅರಿಯುವುದನ್ನು ಕಲಿಸಲು ಹೊರಟವಳಿಗೆ ಹತ್ತು ವರ್ಷದ ಮಗು ಇದನ್ನು ಹೇಳಿತು. ಟೀಚರನ್ನು ಮಕ್ಕಳೇ ನೋಡಿಕೊಳ್ಳುತ್ತಿದ್ದರು, ತಮ್ಮ ದುಃಖವನ್ನು ಜೇಬಿಗೆ ಹಾಕದೆ ನುಂಗಿಕೊಂಡು. ನನ್ನ ಹೆಂಡತಿ ಆ ಸಂಜೆ ಊಟ ಮಾಡಲಿಲ್ಲ. ಹಸಿವಿಲ್ಲ ಎಂದಳು.

ಗುರುವಾರ ಅವಳು ಮನೆಗೆ ಬಂದದ್ದು ಐದೂವರೆಗೇ. ಕೈಯಲ್ಲಿ ಒಂದು ನಮೂನೆಯೂ ಇರಲಿಲ್ಲ. ನನಗೆ ಆಶ್ಚರ್ಯವಾಯಿತು, ಸಮಾಧಾನವೂ ಆಯಿತು. ಅವಳು ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತೇ ಹೇಳಿದಳು. ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಎಣಿಕೆಯ ಚೀಟಿ ಒಯ್ಯಲು ಶಾಲೆಯ ಜವಾನ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಒಬ್ಬ ಕನ್ನಡಕದ ಹುಡುಗಿ ತನ್ನ ಚೀಟಿ ಹಿಡಿದುಕೊಂಡು ಕೆಂಪು ಜೇಬಿನ ಮುಂದೆ ನಿಂತಿದ್ದಳು, ಹಾಕಲೋ ಬೇಡವೋ ಎಂದು. ಅವಳ ಹಿಂದೆ ಇಪ್ಪತ್ತು ಜನರ ಸಾಲು.

"ನಾನು ಏನಂದೆ ಗೊತ್ತಾ ರೀ?"

"ಏನಂದೆ?"

"ಇವತ್ತು ಹಸಿರಿಗೆ ಹಾಕಮ್ಮ, ಮಧ್ಯಾಹ್ನ ಮಾತಾಡೋಣ ಅಂದೆ. ಅವಳ ಕೈ ಹಿಡಿದು ನಾನೇ ಹಾಕಿಸ್ದೆ. ಮಧ್ಯಾಹ್ನ ಮಾತಾಡ್ಲಿಲ್ಲ. ಮರೆತುಬಿಟ್ಟೆ."

ಚಪ್ಪಲಿ ಬಿಚ್ಚುತ್ತ ಮತ್ತೆ ಹೇಳಿದಳು: "ಹಿಂದೆ ನಿಂತಿದ್ದ ಮಕ್ಕಳೆಲ್ಲ ಅದನ್ನ ನೋಡಿದ್ರು. ತಾವೇ ತಾವಾಗಿ ಹಸಿರಿಗೆ ಹಾಕ್ತಾ ಹೋದ್ರು. ನಾಲ್ಕೇ ದಿನ ರೀ. ಆ ಟೀಚರ್ ಎಂಟು ತಿಂಗಳು ಮಾಡಿದ್ದಾಳೆ."

ಅವಳು ಅತ್ತಳು. ಬಿಕ್ಕಿ ಬಿಕ್ಕಿ ಅಲ್ಲ. ದಣಿದ ಮನುಷ್ಯರ ಕಣ್ಣಲ್ಲಿ ನೀರು ತಾನಾಗಿ ಬರುತ್ತದಲ್ಲ, ಹಾಗೆ. ನನಗೆ ಅವಳ ಮೇಲೆ ತುಂಬಾ ಕನಿಕರವಾಯಿತು. ಆ ಕನಿಕರದಲ್ಲೇ ನಾನು ಒಂದು ಮಾತು ಆಡಿದೆ, ಅದನ್ನು ಮುಚ್ಚಿಡುವುದಿಲ್ಲ.

"ಆ ವರದಿಗೆ ಸಹಿ ಹಾಕಿ ಕೈತೊಳ್ಕೊಂಬಿಡು ಕಣೇ. ಅದರಲ್ಲಿ ಸುಳ್ಳೇನಿಲ್ಲವಲ್ಲ. ಅವಳು ತಪ್ಪು ಬರೆದಿದ್ದಾಳೆ, ಅವಳೇ ಒಪ್ಕೊಂಡಿದ್ದಾಳೆ."

"ನಿಮಗೆ ಹೇಗೆ ಗೊತ್ತು?"

ಶನಿವಾರದ ಸಂಗತಿ ಹೇಳಬೇಕಾಯಿತು. ಕಂಕುಳ ಮಗು, ಚೀಲ, ನಿಂತಲ್ಲೇ ತೂಕಡಿಕೆ. ಅವಳು ಕೇಳಿಸಿಕೊಂಡಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಲೆಕ್ಕ ಹಾಕಿ ಹೇಳಿದೆ. ನಿವೃತ್ತಿಗೆ ನಾಲ್ಕು ವರ್ಷವಿದೆ. ಯೋಜನೆಯದೇ ತಪ್ಪು ಎಂದು ಬರೆದರೆ ಯೋಜನೆಯ ಜೊತೆ ನಿನ್ನ ಹುದ್ದೆಯೂ ಹೋಗುತ್ತದೆ. ಮತ್ತೆ ತರಗತಿ, ಮತ್ತೆ ದಿನವಿಡೀ ನಿಲ್ಲುವುದು. ಆ ಮಂಡಿ ಇಟ್ಟುಕೊಂಡು ಎಷ್ಟು ದಿನ? ಅವಳು ಎಲ್ಲದಕ್ಕೂ ತಲೆಯಾಡಿಸಿದಳು. "ನೀವು ಹೇಳೋದೆಲ್ಲ ಸರಿ" ಎಂದಳು. ನಂತರ ನನ್ನ ಅಂಗಡಿಯ ಬೀಗದ ಕೈ ಎತ್ತಿಕೊಂಡು ಹೋಗಿ, ಆ ಒಂದೂವರೆ ಪುಟವನ್ನು ತಾನೇ ಅಳಿಸಿ ಬಂದಳು. ಇಪ್ಪತ್ತು ವರ್ಷದಿಂದ ಆ ಕಂಪ್ಯೂಟರು ಮುಟ್ಟದವಳು ಅಳಿಸುವುದನ್ನು ಮಾತ್ರ ಅದು ಹೇಗೋ ಕಲಿತುಕೊಂಡಿದ್ದಳು. ಹೊಸ ವರದಿಯನ್ನು ಕೈಯಲ್ಲೇ ಬರೆದಳು.

ವಿಚಾರಣೆ ಮರುವಾರ, ಕಚೇರಿಯ ಎರಡನೇ ಮಹಡಿಯ ಕೋಣೆಯಲ್ಲಿ. ಕಾಪಿಗಳ ಕಟ್ಟು ಹೊತ್ತುಕೊಂಡು ಹೋದವನು ನಾನೇ. ಹೊರಗೆ ಹೋಗು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟೆ. ಅಧಿಕಾರಿ ಕೆಟ್ಟವರಲ್ಲ. ಕಡತಗಳ ನಡುವೆ ಅವರ ಮುಖ ಅರ್ಧ ಮಾತ್ರ ಕಾಣುತ್ತಿತ್ತು, ಆ ಅರ್ಧವೂ ಬಳಲಿತ್ತು. ಸೋದರಮಾವ ಒಂದು ಬದಿಗೆ, ಟೀಚರು ಇನ್ನೊಂದು ಬದಿಗೆ. ಈ ಸಲ ಅವಳ ಕಂಕುಳಲ್ಲಿ ಮಗು ಇರಲಿಲ್ಲ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಕೂತಿದ್ದಳು.

ನನ್ನ ಹೆಂಡತಿ ಎದ್ದು ಓದಿದಳು. ಉದ್ದದ ವರದಿಯಲ್ಲ. ಸೋಮವಾರ ಹದಿನಾಲ್ಕು, ಮಂಗಳವಾರ ಹತ್ತೊಂಬತ್ತು, ಬುಧವಾರ ಹದಿನೇಳು. ಇಷ್ಟು ಮಕ್ಕಳೊಡನೆ ನಾನು ತಲಾ ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಲಿಲ್ಲ, ಆದರೆ ಪ್ರತಿಯೊಬ್ಬರ ಬಗ್ಗೆ ಹದಿನೈದು ನಿಮಿಷ ಬರೆದೆ. ಗುರುವಾರ ಒಂಬತ್ತೂ ಇಪ್ಪತ್ತಕ್ಕೆ ಒಂದು ಮಗುವಿನ ಚೀಟಿಯನ್ನು ನಾನೇ ಹಸಿರು ಜೇಬಿಗೆ ಹಾಕಿಸಿದೆ. ಈ ಶಿಕ್ಷಕಿ ಮಾಡಿದ್ದು ತಪ್ಪಾದರೆ ನಾನು ಮಾಡಿದ್ದೂ ಅದೇ ತಪ್ಪು. ಅವರ ಮೇಲೆ ಯಾವ ಕ್ರಮವಾಗುತ್ತದೆಯೋ ನನ್ನ ಮೇಲೂ ಅದೇ ಆಗಲಿ.

ಅಧಿಕಾರಿ ಕಡತಗಳನ್ನು ಪಕ್ಕಕ್ಕೆ ಸರಿಸಿದರು.

"ಹಾಗಾದ್ರೆ ಪಟ ಬೇಡ ಅಂತೀರಾ ಮೇಡಂ?"

"ಪಟ ಇರಲಿ ಸಾರ್. ಎಣಿಸಿ ಕಳಿಸೋದು ಬೇಡ, ನಮೂನೆ ಬೇಡ. ಬೆಳಿಗ್ಗೆ ಇಪ್ಪತ್ತು ನಿಮಿಷ ಯಾರೂ ಟೀಚರ್ ಹತ್ರ ಯಾವ ಚೀಟಿನೂ ಕೇಳಬಾರದು. ಐವತ್ತೆಂಟು ಮಕ್ಕಳಿಗೆ ಇಬ್ಬರು ಬೇಕು."

"ಇನ್ನೊಬ್ಬರನ್ನ ಎಲ್ಲಿಂದ ತರಲಿ? ಹುದ್ದೆಗಳೇ ಇಲ್ಲ."

"ನನ್ನ ಹುದ್ದೆ ಇದೆಯಲ್ಲ ಸಾರ್. ನನ್ನನ್ನ ಅಲ್ಲಿಗೆ ಹಾಕಿ."

ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ನಾನು ಮಂಡಿಯ ಎಕ್ಸ್‌ರೇ ಫಿಲಂ ತಂದು ಅಧಿಕಾರಿಯ ಮೇಜಿನ ಮೇಲಿಡುತ್ತಿದ್ದೆ.

ಅಧಿಕಾರಿ ಹುದ್ದೆಗಳ ಕಡತ ಎಳೆದುಕೊಂಡು ಪುಟ ತಿರುವಿದರು. ಕೊನೆಗೆ, ಟೀಚರಿಗೆ ಲಿಖಿತ ಎಚ್ಚರಿಕೆ, ಕೆಲಸಕ್ಕೆ ತೊಂದರೆಯಿಲ್ಲ ಎಂದರು. ಐದನೇ ತರಗತಿಯನ್ನು ಎರಡು ವಿಭಾಗ ಮಾಡಿ, ಒಂದನ್ನು ಭಾವನೆ ಮೇಡಂ ನೋಡಿಕೊಳ್ಳಲಿ ಎಂದು ಬರೆಸಿದರು. ಅವರ ಬಾಯಲ್ಲೂ ಅದೇ ಹೆಸರು ಬಂತು, ಯಾರೂ ನಗಲಿಲ್ಲ. ಉಳಿದ ಹತ್ತು ಶಾಲೆಗಳ ನಮೂನೆ ಬಗ್ಗೆ ಮೇಲಿನವರಿಗೆ ಬರೆಯುತ್ತೇನೆ ಎಂದರು. ಆ ಬರೆದದ್ದು ಏನಾಯಿತು ಎಂದು ನನಗೆ ಗೊತ್ತಿದೆ, ಏಕೆಂದರೆ ಈ ಗಲಾಟೆಗೆ ಹೆದರಿ ಮತ್ತೆ ನಮೂನೆ ಕೇಳತೊಡಗಿದ ಆ ಹತ್ತು ಶಾಲೆಗಳಿಗೆ ಇವತ್ತಿಗೂ ನಾನೇ ಅದರ ಕಾಪಿ ತೆಗೆದುಕೊಡುತ್ತಿದ್ದೇನೆ. ಸೋದರಮಾವ ಎದ್ದು ನಿಂತು ಏನೋ ಹೇಳಲು ಹೋದ, ಆಮೇಲೆ ಟೀಚರಿನ ಕಡೆ ನೋಡಿ ಮತ್ತೆ ಕೂತ.

ಎಲ್ಲರೂ ಏಳುವಾಗ ಅಧಿಕಾರಿ ಆ ಟೀಚರನ್ನು ತಡೆದು ಕೇಳಿದರು. ಗದರಿಕೆಯ ದನಿಯಲ್ಲ, ಮನೆಯ ಹಿರಿಯರು ಕೇಳುವ ಹಾಗೆ.

"ಅಲ್ಲಮ್ಮಾ, ಎಂಟು ತಿಂಗಳು ಇಷ್ಟು ಕಷ್ಟ ಪಟ್ಕೊಂಡು, ಒಂದು ಸಲನಾದ್ರೂ ಯಾರಿಗಾದ್ರೂ ಹೇಳಬಾರದಿತ್ತಾ? ಯಾರೂ ಕೇಳಲೇ ಇಲ್ವಾ ನಿನ್ನ?"

ಅವಳು ನನ್ನ ಹೆಂಡತಿಯ ಕಡೆ ಒಮ್ಮೆ ನೋಡಿದಳು. ದೂರುವ ನೋಟವಲ್ಲ. ಉಪಕಾರ ಮಾಡಿದವರ ಬಗ್ಗೆ ನಿಜ ಹೇಳಬೇಕಾಗಿ ಬಂದವರ ಸಂಕೋಚ ಅದು.

"ಕೇಳಿದ್ರು ಸಾರ್. ಮೇಡಂ ಬಂದಾಗಲೆಲ್ಲ ಕೇಳ್ತಿದ್ರು, ಹೇಗಿದ್ದೀರಾ ಅಂತ. ನನ್ನ ತರಗತಿಗೆ ನಾಲ್ಕು ಸಲ ಬಂದಿದ್ರು. ಚೆನ್ನಾಗಿದ್ದೀನಿ ಅಂದೆ. ಬರ್ಕೊಂಡ್ರು."

ಮೆಟ್ಟಿಲಿಳಿಯುವಾಗ ನನ್ನ ಹೆಂಡತಿ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು. ಅಂಗಡಿ ಎದುರಿಗೇ ಇತ್ತು, ಆದರೆ ಅವಳು ರಸ್ತೆ ದಾಟಲಿಲ್ಲ. ಕಚೇರಿಯ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು. ನಾನೂ ಕೂತೆ. ಆ ಟೀಚರಿನ ಕೆಲಸ ಉಳಿಯಿತಲ್ಲ, ಇನ್ನೇನು, ನೀನು ಮಾಡಬೇಕಾದ್ದು ಮಾಡಿದೆ ಎಂದು ಬೆನ್ನು ತಟ್ಟುವ ಮಾತಾಡಿದೆ. ಅವಳಿಗೆ ಅದು ಕೇಳಿಸಿದಂತಿರಲಿಲ್ಲ.

"ಮೂರನೇ ಸಲ ಕೇಳಿದಾಗ ಅವಳು ಚೆನ್ನಾಗಿದ್ದೀನಿ ಅಂದ್ಲು. ಅನ್ನೋವಾಗ ತುಟಿ ನಡುಗ್ತಿತ್ತು ರೀ. ನಾನು ನೋಡ್ದೆ. ನೋಡಿಲ್ಲ ಅಂತ ಹೇಳೋ ಹಾಗಿಲ್ಲ. ಸರಿಯಾಗೇ ನೋಡ್ದೆ."

"ಮತ್ತೆ?"

"ಹನ್ನೊಂದೂ ಹತ್ತಕ್ಕೆ ಬಸ್ಸಿತ್ತು" ಎಂದಳು.